ಉಪ್ಪಿನಮೂಟೆ ಗುಡ್ಡ

ಉಪ್ಪಿನಮೂಟೆ ಗುಡ್ಡದ ಕಥೆಯನ್ನು ಪೂರ್ತಿ ಹೇಳಲು ಇಂದಿನವರೆಗೆ ಯಾರೂ ಬಿಟ್ಟಿಲ್ಲ. "ಹಿಂದೆ ಒಮ್ಮೆ" ಎಂದು ಬಾಯಿ ತೆರೆಯುವಷ್ಟರಲ್ಲಿ ಬೆನ್ನಿಗೆ ಚೀಲ ಬಿಗಿದುಕೊಂಡ ಯಾರಾದರೊಬ್ಬರು ಏದುಸಿರು ಬಿಡುತ್ತ ಬಂದು, "ಇನ್ನೆಷ್ಟು ದೂರ? ಮೇಲೆ ನೆಟ್‌ವರ್ಕ್ ಸಿಗುತ್ತಾ?" ಎಂದು ನಡುವೆ ಬಾಯಿ ಹಾಕುತ್ತಾರೆ. ದೂರ ಕೇಳುವವರಿಗೆ ಹೆಸರು ಬೇಡ, ಹೆಸರು ಕೇಳುವವರಿಗೆ ಪುರುಸೊತ್ತಿಲ್ಲ. ಬೆಳಿಗ್ಗೆ ಹಳ್ಳ ದಾಟಿ ಹೊರಟರೆ ಸಂಜೆಗೆ ಆಚೆ ಬದಿ ಇಳಿಸುವ ಈ ಕಾಲುದಾರಿ ಮೊದಲು ಕಾಡಿನೊಳಗೆ ಹೊಕ್ಕು, ಆಮೇಲೆ ಸೊಂಟದೆತ್ತರದ ಹುಲ್ಲಿಗೆ ಬಂದು, ಕೊನೆಗೆ ಗುಡ್ಡದ ಬೋಳು ಬೆನ್ನ ಮೇಲೆ ಗಾಳಿಗೆ ಮೈಯೊಡ್ಡಿ ಸಾಗುತ್ತದೆ. ಒಂದು ಕಡೆ ಕಣ್ಣು ಕತ್ತಲೆ ಬರುವಂಥ ಆಳ, ಇನ್ನೊಂದು ಕಡೆ ಒಗೆದು ಹರವಿದ ಸೀರೆಯ ನೆರಿಗೆಗಳಂತೆ ಹಸಿರು ಗುಡ್ಡಗಳು. ನೆತ್ತಿಯಲ್ಲಿ ಮುಂದಕ್ಕೆ ಬಾಗಿದ ಒಂದು ದೊಡ್ಡ ಬಂಡೆ. ಅದರ ಬೆನ್ನಿಗೆ ಅಂಟಿಕೊಂಡು ಒಂದು ಸಣ್ಣ ಬಂಡೆ. ಬಂದವರೆಲ್ಲ ಅದರ ಮುಂದೆ ಫೋಟೊ ತೆಗೆಸಿಕೊಂಡು, "ಉಪ್ಪು ಹೊತ್ತ ಆಳಿನ ಹಾಗೇ ಇದೆ, ಅದಕ್ಕೇ ಈ ಹೆಸರು" ಎಂದು ತಾವೇ ತೀರ್ಮಾನಿಸಿ ಇಳಿದುಹೋಗುತ್ತಾರೆ. ಆ ಸಣ್ಣ ಬಂಡೆ ಉಪ್ಪಲ್ಲ ಎಂಬುದು ಊರಿನವರಿಗೆ ಮಾತ್ರ ಗೊತ್ತು.

ರಸ್ತೆಯಿಲ್ಲದ ಕಾಲದಲ್ಲಿ ಕರಾವಳಿಯ ಉಪ್ಪು ಮನುಷ್ಯರ ಬೆನ್ನ ಮೇಲೆಯೇ ಘಟ್ಟ ಹತ್ತುತ್ತಿತ್ತು ಎನ್ನುತ್ತಾರೆ. ಹೊರೆಯಾಳುಗಳು ಒಳಗೆ ಎಲೆ ಹಾಸಿ ಕಟ್ಟಿದ ಮೂಟೆಗಳನ್ನು ಹೊತ್ತು, ಸಾಲಾಗಿ ಈ ದಾರಿ ಹಿಡಿಯುತ್ತಿದ್ದರು. ಅವರಲ್ಲಿ ಒಂದು ಕಟ್ಟುಪಾಡು ಇತ್ತು. ಹಳ್ಳ ದಾಟಿದ ಮೇಲೆ ನೆತ್ತಿಯವರೆಗೆ ಉಪ್ಪನ್ನು ನೆಲಕ್ಕೆ ತಾಗಿಸುವಂತಿಲ್ಲ. ನೆಲ ಒದ್ದೆ, ಗಾಳಿ ಒದ್ದೆ. ಒಮ್ಮೆ ಇಳಿಸಿದರೆ ಮೂಟೆ ನೀರೊಡೆದು ಹೋಗುತ್ತಿತ್ತು. ಅದಕ್ಕೆಂದೇ ಮೂಟೆಗಿಂತ ಆಳು ಹೆಚ್ಚಿರುತ್ತಿದ್ದರು. ಹೊತ್ತವನ ಬೆನ್ನು ಸೋತಿತೆಂದರೆ "ಉಪ್ಪು ಇಳೀತು!" ಎಂದು ಕೂಗಬೇಕು, ಬರಿ ಬೆನ್ನಿನಲ್ಲಿ ನಡೆಯುತ್ತಿದ್ದವನು ಏನು, ಎತ್ತ ಎಂದು ಕೇಳದೆ ಓಡಿ ಬಂದು ಬೆನ್ನು ಕೊಡಬೇಕು. ಕೇಳಿಸಿಯೂ ಕೊಡದವನ ಮನೆಯಲ್ಲಿ ಆಮೇಲೆ ಯಾರೂ ಉಣ್ಣುತ್ತಿರಲಿಲ್ಲವಂತೆ.

ಹಿಂದೆ ಒಮ್ಮೆ, ಮಳೆಗಾಲದ ಬಾಗಿಲಲ್ಲಿ, ಆ ವರ್ಷದ ಕೊನೆಯ ಸಾಲು ಹಳ್ಳದ ದಂಡೆಯಲ್ಲಿ ಮೂಟೆ ಬಿಗಿಯುತ್ತಿದ್ದಾಗ ದುಗ್ಗಿ ಎಂಬ ಹೆಣ್ಣುಮಗಳು ತನ್ನ ಕೂಸನ್ನು ಕರೆದುಕೊಂಡು ಬಂದಳು. ಅವಳ ತವರು ಘಟ್ಟದ ಮೇಲೆ. ತಾಯಿ ಕಾಲಿನ ಬಲ ಹೋಗಿ ಮಲಗಿದ್ದಾಳೆ, ಮೊಮ್ಮಗಳ ಮುಖವನ್ನು ಒಮ್ಮೆ ನೋಡಬೇಕಂತೆ ಎಂದು ಸುದ್ದಿ ಬಂದಿತ್ತು. ಮಳೆ ಹಿಡಿದರೆ ದಾರಿ ಮುಚ್ಚುತ್ತದೆ, ದಾರಿ ತೆರೆಯುವವರೆಗೆ ತಾಯಿ ಉಳಿಯುವಳೆಂಬ ನಂಬಿಕೆಯಿರಲಿಲ್ಲ. ಸಾಲಿನ ಯಜಮಾನ ಹಮ್ಮಣ್ಣನೆಂಬ ಮುದುಕ ಕೂಸನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಇದರ ಕಾಲು ನನ್ನ ಹೆಬ್ಬೆರಳಿನಷ್ಟಿದೆ. ಗುಡ್ಡ ಹತ್ತುತ್ತದಾ?" ಎಂದ.

"ನಿಮ್ಮ ನಾಲಿಗೆಯಷ್ಟು ಉದ್ದ ಇಲ್ಲ ಹಮ್ಮಣ್ಣ, ಆದರೂ ನಡೀತದೆ" ಎಂದಳು ದುಗ್ಗಿ.

ಆಳುಗಳು ಕಿಸಕ್ಕೆಂದರು. ಮುದುಕನೂ ನಕ್ಕ. ಆದರೆ ಮಾತು ಸಡಿಲಿಸಲಿಲ್ಲ. "ಬಾ ತಂಗಿ, ಬೇಡ ಅನ್ನೋದಿಲ್ಲ. ಆದರೆ ನಮ್ಮ ಬೆನ್ನು ಉಪ್ಪಿಗೆ ಮಾತ್ರ. ನೀನು ನಿಂತರೆ ನಾವು ನಿಲ್ಲುವವರಲ್ಲ. ಮಧ್ಯಾಹ್ನ ಕಳೆದರೆ ಮಂಜಿನ ಕಾವಳ ಏಳುತ್ತದೆ. ಅದರೊಳಗೆ ಸಿಕ್ಕ ಉಪ್ಪೂ ಇಲ್ಲ, ಮನುಷ್ಯನೂ ಇಲ್ಲ."

ಕಾಡು ಮುಗಿಯುವವರೆಗೆ ಕೂಸು ತಾನೇ ನಡೆಯಿತು. ಅಕ್ಕು ಅದರ ಹೆಸರು. ಕಾಲಿಗಿಂತ ಬಾಯಿ ಚುರುಕು. ಜಿಗಣೆಗೆ ಕಣ್ಣಿದೆಯೇ, ಹಳ್ಳ ರಾತ್ರಿ ಮಲಗುತ್ತದೆಯೇ, ಅಜ್ಜಿಗೆ ಹಲ್ಲಿದೆಯೇ ಎಂದು ಒಂದರ ಬೆನ್ನಿಗೊಂದು ಕೇಳುತ್ತಿತ್ತು. ಒಂದಕ್ಕೆ ಉತ್ತರ ಮುಗಿಯುವ ಮೊದಲೇ ಇನ್ನೊಂದು. "ನಿನ್ನ ಬಾಯಿಗೊಂದು ಬಾಗಿಲು ಇಡಿಸಬೇಕಿತ್ತು" ಎಂದು ದುಗ್ಗಿ ಗದರುತ್ತಿದ್ದಳು, ಗದರಿದ ಮೇಲೆ ಉತ್ತರವನ್ನೂ ಹೇಳುತ್ತಿದ್ದಳು. ಹುಲ್ಲಿನ ಏರು ಶುರುವಾದಾಗ ಕೂಸಿನ ಮಾತು ನಿಂತಿತು. ಮಾತು ನಿಂತಿದ್ದೇ ಅವಳಿಗೆ ಹೆದರಿಕೆ. ಸೆರಗಿನಿಂದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು. ಏರು ಮುಗಿಯಲಿಲ್ಲ. ಒಂದು ದಿಬ್ಬ ಹತ್ತಿ ಇದೇ ನೆತ್ತಿ ಅಂದುಕೊಂಡರೆ ಅದರ ಹಿಂದೆ ಇನ್ನೊಂದು ತಲೆಯೆತ್ತಿ ಕಾಯುತ್ತಿತ್ತು. ಸಾಲು ಅವಳಿಂದ ದೂರ ದೂರವಾಯಿತು. ಕೆಳಗಿನ ಆಳದಿಂದ ಕಾವಳವು ಹಾಲು ಉಕ್ಕಿದಂತೆ ಎದ್ದು ಬಂದು, ಮೊದಲು ಕಾಡನ್ನು, ಆಮೇಲೆ ನಡೆದು ಬಂದ ದಾರಿಯನ್ನು, ಕೊನೆಗೆ ಅವಳ ಪಾದಗಳನ್ನೂ ನುಂಗಿತು. ಮುಂದೆ ಹೋಗುತ್ತಿದ್ದ ಮೂಟೆಗಳು ಒಂದೊಂದಾಗಿ ಅಳಿಸಿಹೋದವು. ಅವಳ ಬೆನ್ನು ಸೋತಿತು. ಇಳಿಸಿದರೆ ಮತ್ತೆ ಎತ್ತುವ ಶಕ್ತಿ ತನಗಿಲ್ಲವೆಂದು ಅವಳಿಗೆ ತಿಳಿದಿತ್ತು. ಹೆಸರು ಹಿಡಿದು ಕೂಗಿದರೆ ಯಾರೂ ನಿಲ್ಲುವುದಿಲ್ಲವೆಂಬುದೂ ತಿಳಿದಿತ್ತು. ಬೆಳಗಿನಿಂದ ಕಿವಿಗೆ ಬಿದ್ದ ಮಾತು ತಾನಾಗಿ ಬಾಯಿಗೆ ಬಂತು.

"ಉಪ್ಪು ಇಳೀತು! ಉಪ್ಪು ಇಳೀತು!"

ಬಿಳಿ ಕತ್ತಲೆಯೊಳಗಿಂದ ಧಡಧಡ ಹೆಜ್ಜೆ ಕೇಳಿಸಿತು. ಓಡಿ ಬಂದವನು ಈರ ಎಂಬ ಆಳು. ಬಂದವನೇ ಮುಖವನ್ನೂ ನೋಡದೆ ತಿರುಗಿ ಕೂತು ಬೆನ್ನು ಕೊಟ್ಟ. ದುಗ್ಗಿ ಕೂಸನ್ನು ಅದರ ಮೇಲೆ ಇಟ್ಟಳು. ಈರ ಎದ್ದು ನಾಲ್ಕು ಹೆಜ್ಜೆ ಹಾಕಿದ. ಆಗ ಮೂಟೆ ಅವನ ಕುತ್ತಿಗೆಗೆ ಎರಡು ಕೈ ಸುತ್ತಿ, "ಮಾಮಾ, ನಿನ್ನ ಕಿವಿಯಲ್ಲಿ ಕೂದಲಿದೆ" ಎಂದಿತು.

ಈರ ಕಿಟಾರನೆ ಕಿರುಚಿದ ಎನ್ನುತ್ತಾರೆ. ಸಾಲು ನಿಂತಿತು. ಹಮ್ಮಣ್ಣ ಹಿಂದಕ್ಕೆ ಬಂದು ನೋಡಿ, "ಇದು ಉಪ್ಪಾ?" ಎಂದು ಗುಡುಗಿದ.

ದುಗ್ಗಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಸೋತಿರಲಿಲ್ಲ. "ನೆಕ್ಕಿ ನೋಡಿ ಹಮ್ಮಣ್ಣ. ಬೆವರು, ಕಣ್ಣೀರು ಸೇರಿ ನಿಮ್ಮ ಮೂಟೆಗಿಂತ ಉಪ್ಪಾಗಿದೆ. ನೆಲಕ್ಕಿಟ್ಟರೆ ಇದೂ ನೀರಾಗಿ ಹೋಗುತ್ತದೆ. ನನ್ನವ್ವ ಅಲ್ಲಿ ಬಾಗಿಲು ನೋಡುತ್ತ ಮಲಗಿದ್ದಾಳೆ."

ಮುದುಕ ಕೂಸಿನ ಕೆನ್ನೆಯನ್ನು ಬೆರಳಿನಿಂದ ಒರೆಸಿ ಆ ಬೆರಳನ್ನು ನಾಲಿಗೆಗೆ ಹಚ್ಚಿಕೊಂಡ. "ಉಪ್ಪೇ" ಎಂದ, ಸಾಲಿನ ಕಡೆ ತಿರುಗಿ. "ನೆಲಕ್ಕೆ ತಾಗಿಸಬೇಡಿ."

ಅಲ್ಲಿಂದ ನೆತ್ತಿಯವರೆಗೆ ಅಕ್ಕು ನೆಲ ಮುಟ್ಟಲಿಲ್ಲ. ಒಬ್ಬನ ಬೆನ್ನು ಸೋತರೆ ಇನ್ನೊಬ್ಬನ ಬೆನ್ನು. ಹೊತ್ತವನು ಸೋಲದಿದ್ದರೂ ಉಳಿದವರು ಓಡಿ ಬಂದು ಬೆನ್ನು ಕೊಟ್ಟರಂತೆ. ಬಾಗಿದ ಬಂಡೆಯ ಬಳಿ ಹಮ್ಮಣ್ಣನೇ ಹೊತ್ತಿದ್ದ. ಕೂಸು ಅವನ ಬೋಳುತಲೆಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿತ್ತು. ಎಚ್ಚರವಾದೀತೆಂದು ಅವನು ಕೆಮ್ಮನ್ನೂ ತಡೆದುಕೊಂಡಿದ್ದ.

ಇಂದಿಗೂ ಈ ದಾರಿಯಲ್ಲಿ ಕೂಸನ್ನು ಹೊತ್ತ ತಾಯಿ ಸುಸ್ತಾಗಿ ನಿಂತರೆ, ಊರಿನವರು ಯಾರಾದರೂ ತಿರುಗಿ ಕೂತು ಬೆನ್ನು ಕೊಡುತ್ತಾರೆ. ಪರಿಚಯ ಕೇಳುವುದಿಲ್ಲ. ಬಂಡೆಯ ಬಳಿ ಬಂದಾಗ ಕೂಸಿನ ಬೆವರನ್ನು ಬೆರಳಿನಲ್ಲಿ ತೆಗೆದು ಅದರ ಬೆನ್ನಿಗಂಟಿದ ಕೂಸಿನಂಥ ಸಣ್ಣ ಬಂಡೆಗೆ ಹಚ್ಚುತ್ತಾರೆ. ಅಷ್ಟು ಭಾಗ ಸವೆದು ನುಣುಪಾಗಿರುವುದನ್ನು ನೋಡಲು ಬಂದವರು ಈಗಲೂ ಕಾಣಬಹುದು. ಗಂಡಸರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಹೆಂಗಸರು ಇನ್ನೂ ಒಂದಿಷ್ಟು ಹೇಳುತ್ತಾರೆ. ಮುದುಕಿ ಮೊಮ್ಮಗಳ ಮುಖವನ್ನು ಕಣ್ಣಿನಿಂದಲೂ ಕೈಯಿಂದಲೂ ನೋಡಿದಳಂತೆ. ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಿಸಿಲು ಬಂದಾಗ ದುಗ್ಗಿ ತಿರುಗಿ ಕೂತು, ನಡೆಯಲಾರದ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಹೊರಗೆ ತಂದಳು. ಹಿಂದೆಯೇ ಓಡಿ ಬಂದ ಅಕ್ಕು ಅವಳ ಸೆರಗು ಜಗ್ಗಿ ಕೇಳಿತು. 

"ಅವ್ವಾ, ನನ್ನನ್ನ ನೀನು ಹೊತ್ತೆ. ಅಜ್ಜಿಯನ್ನೂ ನೀನೇ ಹೊತ್ತೆ. ನೀನು ಉಪ್ಪಾದರೆ ಯಾರು ಹೊರ್ತಾರೆ?"