ಹಿಡಿಕೆ ತಿರುಗಿಸಿದರೆ ಹುಟ್ಟುವ ಊರು

“ಕೇಳ್ರಪ್ಪೋ! ಅರಮನೆ ಅಂಗಳಕ್ಕೆ ಕಾಲಿಟ್ಟ ಗಂಡಸು ಅಮ್ಮಣ್ಣಿಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಅಮ್ಮಣ್ಣಿ, ಅರ್ಧ ರಾಜ್ಯ. ತಪ್ಪಿದವನ ತಲೆ ಹಾರುತ್ತೆ!” ಅಂತ ರಾಜ ಡಂಗುರ ಹೊಡೆಸಿದ.

ಅಮ್ಮಣ್ಣಿ ಅಂದರೆ ಹೊನ್ನಾಜಮ್ಮಣ್ಣಿ, ರಾಜನಿಗೆ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತು ಅಂತ ಅರಮನೆಯವರು ಹೇಳೋದು. ಎರೆದು ಬೆಳೆಸಿದ ದಾದಿ ಹೇಳೋದೇ ಬೇರೆ, ನನಗ್ಯಾಕೆ ಬಿಡಿ. ಅವಳ ಹತ್ತಿರ ಒಂದು ಪೆಟ್ಟಿಗೆ ಇತ್ತು. ಹಿಡಿಕೆ ತಿರುಗಿಸಿದರೆ ಅದು ತಾನೇ ಒಂದು ಗೊಂಬೆಯೂರು ಹುಟ್ಟಿಸೋದು. ಒಂದೊಂದು ಗೊಂಬೆಗೂ ಚಿಕ್ಕದೊಂದು ಕಟ್ಟಳೆ, ಅದರಂತೆ ಅದು ನಡೆಯೋದು. ಇವಳು ಗಂಡ ಮಕ್ಕಳು ಅನ್ನದೆ ದಿನವೆಲ್ಲ ಊರು ಹುಟ್ಟಿಸಿ, ಅದು ಏನಾಗುತ್ತೆ ಅಂತ ನೋಡ್ತಾ ಕೂತಿರೋಳು.

ಅವತ್ತು ಇಬ್ಬರು ರಾಜಕುಮಾರರು ಮೀಸೆ ತಿರುವಿಕೊಂಡು ಬಂದಿದ್ದರು. ಬಾತುಕೋಳಿ ಮೇಯಿಸುವ ಸಣ್ಣೀರ ಕಳೆದುಹೋದ ಬಾತು ಹುಡುಕುತ್ತಾ ಅಂಗಳಕ್ಕೆ ಬಂದ. ಕಾವಲಿನವರು ಅವನನ್ನೂ ಹಿಡಿದು ಸಾಲಿಗೆ ನಿಲ್ಲಿಸಿದರು.

“ನಾ ಮದುವೆಗೆ ಬಂದೋನಲ್ಲ ಸ್ವಾಮಿ!” ಅಂದರೆ ಕೇಳೋರು ಯಾರು?

ಅಮ್ಮಣ್ಣಿ ಪೆಟ್ಟಿಗೆಯೊಳಗಿನ ಊರು ತೋರಿಸಿ ಕೇಳಿದಳು: “ಈ ಊರಲ್ಲಿ ಯಾರಿಗೂ ಹಗೆಯಿಲ್ಲ. ಪಕ್ಕದ ಮನೆಯಲ್ಲಿ ತನ್ನ ಬಣ್ಣದವರು ಒಬ್ಬರಿರಲಿ ಅನ್ನೋದಷ್ಟೇ ಎಲ್ಲರ ಕಟ್ಟಳೆ. ಆದರೂ ಕೆಂಪು ಗೊಂಬೆಗಳದೇ ಒಂದು ಕೇರಿ, ಹಸಿರಿನವುಗಳದೇ ಒಂದು ಕೇರಿ ಆಯಿತು. ಊರು ಒಡೆದವರು ಯಾರು?”

“ಹೊರಗಿನ ಶತ್ರು,” ಅಂದ ಮೊದಲನೆಯವನು. ತಲೆ ಹೋಯಿತು.

“ಊರ ಗೌಡ,” ಅಂದ ಎರಡನೆಯವನು. ಅವನದೂ ಹೋಯಿತು, ಮೀಸೆ ಸಮೇತ.

ಸಣ್ಣೀರ ಅಂದ: “ಯಾರೂ ಒಡೀಲಿಲ್ಲ ಅಮ್ಮಣ್ಣಿ. ಒಬ್ಬೊಬ್ಬರೂ ತಮ್ಮ ಬಣ್ಣದವರ ಕಡೆ ಒಂದು ಮನೆ ಸರಿದರು, ಅಷ್ಟೆ. ನನ್ನ ಬಾತುಗಳೂ ಹಂಗೇ, ಬಿಳೀವು ಕರೀವು ಬೇರೆಯಾಗ್ತವೆ.”

“ಸರಿ. ಇನ್ನೊಂದು ಊರಿಗೆ ಬೆಂಕಿ ಬಿದ್ದಿದೆ, ಬಾಗಿಲು ಒಂದೇ. ಓಡಿದರೆ ಅರ್ಧ ಜನ ಒಳಗೇ ಸಾಯ್ತಾರೆ, ನಡೆದರೆ ಎಲ್ಲರೂ ಬದುಕ್ತಾರೆ. ಯಾಕೆ?”

“ಓಡಿದರೆ ಬಾಗಿಲಲ್ಲೇ ಒಬ್ಬರಿಗೊಬ್ಬರು ಸಿಕ್ಕಿಕೊಳ್ತಾರೆ. ಬಾತಿನ ಗೂಡಲ್ಲಿ ದಿನಾ ನೋಡ್ತೀನಿ.”

ಅಮ್ಮಣ್ಣಿ ಹಿಡಿಕೆ ತಿರುಗಿಸಿ ಹೊಸ ಊರು ಹುಟ್ಟಿಸಿದಳು. ಗೊಂಬೆಗಳ ಕಟ್ಟಳೆಯನ್ನೆಲ್ಲ ಓದಿ ಹೇಳಿ, “ನಾಳೆ ಈ ಊರು ಉಳಿಯುತ್ತಾ, ಹಾಳಾಗುತ್ತಾ?” ಅಂದಳು.

ಸಣ್ಣೀರನಿಗೆ ಏನೂ ಹೊಳೆಯಲಿಲ್ಲ. ಕತ್ತಿ ಮೇಲೆದ್ದಿತು. “ನಂಗೊತ್ತಿಲ್ಲ ತಾಯಿ! ಯಾರಿಗೆ ತಾನೇ ಗೊತ್ತಿರುತ್ತೆ? ಬಿಟ್ಟು ನೋಡಬೇಕು!” ಅಂತ ಗೋಳೋ ಅಂತ ಅತ್ತ.

ಅಮ್ಮಣ್ಣಿ ಕತ್ತಿ ತಡೆದಳು. “ಅದೇ ಉತ್ತರ. ಸಾವಿರ ಊರು ಹುಟ್ಟಿಸಿದೆ, ಎಲ್ಲ ಕಟ್ಟಳೆಯೂ ಬಾಯಿಪಾಠ. ಆದರೂ ಯಾವುದು ಉಳಿಯುತ್ತೆ ಅಂತ ಮುಂಚೆ ಹೇಳೋಕೆ ಒಂದು ಸಲವೂ ಆಗಲಿಲ್ಲ,” ಅಂತ ಅವಳೂ ಕಣ್ಣೊರೆಸಿಕೊಂಡಳು.

ಸಣ್ಣೀರ ರಾಜನ ಕಾಲಿಗೆ ಬಿದ್ದ. “ಮದುವೆ ಬ್ಯಾಡ ಬುದ್ಧಿ, ಮನೆಗೆ ಬಿಟ್ಟುಬಿಡಿ.”

“ನನ್ನ ಮಗಳನ್ನ ಬೇಡ ಅಂದೋನ ತಲೆಯೂ ಉಳಿಯಲ್ಲ ಕಣೋ,” ಅಂದ ರಾಜ.

ಹಂಗೆ ಮದುವೆ ಆಯಿತು, ಅರ್ಧ ರಾಜ್ಯವೂ ಬಂತು. ಹಸೆಮಣೆ ಮೇಲೆ ಗಂಡು ಬಿಕ್ಕಿಬಿಕ್ಕಿ ಅಳ್ತಿದ್ದರೆ, ಹೆಣ್ಣಿನ ಕಡೆಯವರು ಆನಂದಬಾಷ್ಪ ಅಂತ ಊರಿಗೆಲ್ಲ ಹೇಳಿಕೊಂಡು ಬಂದರು.