ಕೆರೆಯ ಮೇಲಿನ ಕೂಗು

"ಬುದ್ಧೀ, ಬಲ್ಲವನಿಗೂ ಪಂಕ್ತಿಯ ಕಟ್ಟುಪಾಡು ಬೇಕೆ?"

ಕೇಳಿದವನು ಗುರುಪಾದ. ಆ ಮಠದ ಶಿಷ್ಯರಲ್ಲಿ ಓದಿನಲ್ಲಿ ಅವನೇ ಮುಂದು. ಬೆಳಗಿನ ಪಾಠವನ್ನು ಅಲ್ಲಿ ಎಲ್ಲರೂ ಕೂಡಿ ಓದಬೇಕು. ಸಾಲಾಗಿ ಮಣೆ ಹಾಕಿಕೊಂಡು ಕೂರುವುದು. ಒಬ್ಬ ಒಂದು ಸಾಲು ಓದಿ ನಿಲ್ಲಿಸಿದರೆ ಪಕ್ಕದವನು ಮುಂದಿನದನ್ನು ಎತ್ತಿಕೊಳ್ಳುವುದು. ಕೆಲವರು ತಡವರಿಸುತ್ತಾರೆ. ಕೆಲವರಿಗೆ ಆಕಳಿಕೆ. ಗುರುಪಾದ ಕಾದು ಕಾದು ಬೇಸತ್ತು, ಈಚೆಗೆ ಪುಸ್ತಕ ಎತ್ತಿಕೊಂಡು ಹಿತ್ತಲ ಜಗಲಿಗೆ ಹೋಗಿ ಒಬ್ಬನೇ ಓದಿಕೊಳ್ಳುತ್ತಿದ್ದ.

"ಕೂಡಿ ಓದಿದರೆ ದಿನಕ್ಕೊಂದು ಅಧ್ಯಾಯ ಮುಗಿಯುತ್ತದೆ. ಒಬ್ಬನೇ ಓದಿದರೆ ಮೂರು. ಜಂಬದಿಂದ ಹೇಳುತ್ತಿಲ್ಲ ಬುದ್ಧೀ, ಇದ್ದದ್ದನ್ನು ಹೇಳುತ್ತಿದ್ದೇನೆ. ನನ್ನನ್ನು ಪಂಕ್ತಿಯಿಂದ ಬಿಟ್ಟುಬಿಡಿ."

ಗುರುಗಳು ಕೇಳಿದರು:

"ಮೀನು ಹಿಡಿಯುವುದು ಗೊತ್ತೇನಯ್ಯಾ ನಿನಗೆ?"

ಗುರುಪಾದ ಬೆಚ್ಚಿಬಿದ್ದ. ಆ ಮಠದ ಅಡುಗೆಮನೆಗೆ ಈರುಳ್ಳಿ ಕೂಡ ಹೊಸಿಲು ದಾಟಿ ಬಂದದ್ದಿಲ್ಲ.

"ಶಿವ ಶಿವಾ! ಮೀನೇ?"

"ತಿನ್ನು ಅನ್ನಲಿಲ್ಲವಲ್ಲಪ್ಪಾ, ಕೇಳು ಅಂದೆ. ಕಿವಿಗೆ ಮುಳ್ಳು ಸಿಕ್ಕಿಕೊಳ್ಳುವುದಿಲ್ಲ."

ಹೀಗೆಂದು ಗುರುಗಳು ಕಾಲು ಮಡಚಿ ಕುಳಿತು ಕತೆ ಹೇಳತೊಡಗಿದರು.

ಉತ್ತರದಲ್ಲಿ, ಹಿಮದ ಬೆಟ್ಟಗಳ ನಡುವೆ ಒಂದು ಊರು. ಊರಿಗೊಂದು ದೊಡ್ಡ ಕೆರೆ. ಚಳಿಗಾಲ ಬಂತೆಂದರೆ ಆ ಕೆರೆ ಹೆಪ್ಪುಗಟ್ಟುತ್ತದೆ. ಮೊಸರು ಹೆಪ್ಪಾಗುವಂತೆ ಅಲ್ಲ, ಅದರ ಮೇಲೆ ಎತ್ತಿನ ಗಾಡಿ ಹೊಡೆದುಕೊಂಡು ಹೋಗಬಹುದು, ಅಷ್ಟು ಗಟ್ಟಿ. ಊರಿನವರು ಆ ಮಂಜುಗಡ್ಡೆಯಲ್ಲಿ ಕಿಂಡಿ ಕೊರೆಯುತ್ತಾರೆ. ಕಿಂಡಿಯ ಮುಂದೆ ಮಣೆ ಹಾಕಿ ಕುಳಿತು, ಕೆಳಗಿನ ನೀರಿಗೆ ಗಾಳ ಬಿಟ್ಟು ಮೀನು ಹಿಡಿಯುತ್ತಾರೆ.

ಆ ಊರಿನಲ್ಲಿ ಒಬ್ಬ ಮೀನುಗಾರನಿದ್ದ. ಅವನಷ್ಟು ಕಸುಬು ಬಲ್ಲವರು ಅಲ್ಲಿ ಇನ್ನೊಬ್ಬರಿಲ್ಲ. ಉಳಿದವರು ಒಂದು ಕಿಂಡಿ ಕೊರೆದು ಅದರ ಮುಂದೆ ಮದುವೆಮನೆಯ ಬೀಗರಂತೆ ಕೂತುಬಿಡುವರು. ಇವನು ಹಾಗಲ್ಲ. ಐದಾರು ಕಿಂಡಿ ಕೊರೆಯುವನು. ಒಂದೊಂದರಲ್ಲೂ ಸ್ವಲ್ಪ ಹೊತ್ತು ಗಾಳ ಬಿಟ್ಟು ನೋಡುವನು. ಕಚ್ಚದಿದ್ದರೆ ಎದ್ದು ಮುಂದಿನದಕ್ಕೆ ಹೋಗುವನು. "ಮೀನಿಗೇನು ನಮ್ಮ ಹಂಗು? ನಾವೇ ಅದರ ಬಾಗಿಲಿಗೆ ಹೋಗಬೇಕು" ಎನ್ನುವನು. ಗಾಳವನ್ನು ತಳ ಮುಟ್ಟುವ ತನಕ ಬಿಟ್ಟು, ಮತ್ತೆ ಒಂದು ಗೇಣು ಮೇಲೆತ್ತಿ ನಿಲ್ಲಿಸುವನು. ಚಳಿಗೆ ಮೀನು ಸೋಮಾರಿಯಾಗುತ್ತದೆ, ತಳ ಬಿಟ್ಟು ಏಳುವುದಿಲ್ಲ. ಅದಕ್ಕೆ ಹಸಿವೂ ಕಡಿಮೆ. ಹಾಗಾಗಿ ಎರೆ ಕಡಲೆಕಾಳಿನಷ್ಟಿದ್ದರೆ ಸಾಕು. ದಾರವನ್ನು ಜಗ್ಗಬಾರದು, ಬೆರಳ ತುದಿಯಲ್ಲಿ ನಡುಗಿಸಬೇಕು, ಹುಳ ತಾನಾಗಿ ಹೊರಳಿದ ಹಾಗೆ. ಕಿಂಡಿಯಲ್ಲಿ ಹಾಲಿನ ಕೆನೆಯಂತೆ ಮತ್ತೆ ಮತ್ತೆ ಕಟ್ಟುವ ಗಡ್ಡೆಯನ್ನು ಜಾಲರಿ ಸೌಟಿನಿಂದ ತೆಗೆಯುತ್ತಲೇ ಇರಬೇಕು. ಬೆಳಕು ಹರಿಯುವ ಹೊತ್ತು, ಬೆಳಕು ಇಳಿಯುವ ಹೊತ್ತು, ಈ ಎರಡನ್ನು ಬಿಡಬಾರದು. ನಡುಹಗಲಿನಲ್ಲಿ ಬೇಕಾದರೆ ತೂಕಡಿಸಬಹುದು.

"ಬುದ್ಧೀ, ಇಷ್ಟೆಲ್ಲ ನಿಮಗೆ ಹೇಗೆ..." ಎಂದು ಬಾಯಿಗೆ ಬಂದ ಮಾತನ್ನು ಗುರುಪಾದ ನುಂಗಿಕೊಂಡ.

ಆ ಕೆರೆಯ ಮೇಲೆ ಕೂರುವುದಕ್ಕೂ ಒಂದು ಮರ್ಯಾದೆಯಿತ್ತು. ಇನ್ನೊಬ್ಬನ ಕಿಂಡಿಯ ಬಳಿ ಕೇಳದೆ ಕಿಂಡಿ ಕೊರೆಯಬಾರದು. ಒಬ್ಬನಿಂದ ಒಬ್ಬ ಕೂಗಳತೆಯ ದೂರದಲ್ಲಿರಬೇಕು. ಬಿಟ್ಟುಹೋಗುವ ಕಿಂಡಿಯಲ್ಲಿ ಒಂದು ಕೊಂಬೆ ನೆಟ್ಟು ಹೋಗಬೇಕು, ಹಿಂದೆ ಬರುವವನು ಕಾಲಿಟ್ಟಾನು. ಮರಿಮೀನು ಸಿಕ್ಕಿದರೆ ನೀರಿಗೇ ಬಿಡಬೇಕು. ಹಾರೆಯಿಂದ ಕುಟ್ಟಿ ನೋಡದೆ ಹೆಜ್ಜೆ ಇಡಬಾರದು. ಗಡ್ಡೆ ಗಾಜಿನಂತೆ ಕರ್ರಗಿದ್ದರೆ ಗಟ್ಟಿ, ಬೂದಿಯಂತೆ ಬೆಳ್ಳಗಿದ್ದರೆ ನಂಬುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡ ರೂಢಿ ಇನ್ನೊಂದಿತ್ತು. ದಡದ ಕಡೆ ಕೂತ ಹಿರಿಯ ಆಗಾಗ ಕೂಗುವನು: "ಇದ್ದೀಯಾ?" ಮೊದಲ ಕಿಂಡಿಯವನು "ಇದ್ದೇನೆ" ಎನ್ನುವನು. ಎಂದವನು ಮುಂದಿನವನ ಕಡೆ ತಿರುಗಿ "ಇದ್ದೀಯಾ?" ಎಂದು ಕೂಗುವನು. ಕೂಗು ಹೀಗೆ ಕಿಂಡಿಯಿಂದ ಕಿಂಡಿಗೆ ದಾಟಿ, ಕೊನೆಯವನನ್ನು ಮುಟ್ಟಿ, ಅವನ "ಇದ್ದೇನೆ" ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಬಂದ ಮೇಲೆ ಹಿರಿಯ ಮತ್ತೆ ತನ್ನ ಗಾಳ ಹಿಡಿಯುವನು. ಕೂಗು ಬಾರದಿದ್ದರೆ ಎಲ್ಲರೂ ಎದ್ದು ಓಡಬೇಕು.

ಕೊನೆಯ ಕಿಂಡಿ ಈ ಮೀನುಗಾರನ ತಮ್ಮನದು. ಅದರ ಹಿಂದಿನದು ಇವನದು. ತಮ್ಮನಿಗೆ ಹೆಣ್ಣು ಗೊತ್ತಾಗಿತ್ತು. ಹಿಮ ಕರಗಿದೊಡನೆ ಮದುವೆ. ಊರಿಗೆಲ್ಲ ಮೀನಿನ ಊಟ ಹಾಕಬೇಕು. ತಂದೆಯಿಲ್ಲದ ಮನೆ; ಊಟ ಹಾಕಬೇಕಾದವನು ಅಣ್ಣನೇ. ಹೆಣ್ಣಿನ ಕಡೆಯವರ ಮುಂದೆ ಎಲೆ ಬರಿದಾದರೆ ತಮ್ಮ ತಲೆ ತಗ್ಗಿಸಬೇಕಾಗುತ್ತದೆ. ಆ ಚಳಿಗಾಲದಲ್ಲಿ ಅಣ್ಣನಿಗೆ ಇದ್ದದ್ದು ಅದೊಂದೇ ಯೋಚನೆ.

ಹೀಗಿರುವಾಗ ಅವನು ಒಂದನ್ನು ಗಮನಿಸಿದ. ತಾನು ತಮ್ಮನ ಕಡೆ ತಿರುಗಿ ಕೂಗಿದಾಗಲೆಲ್ಲ ದಾರ ಸತ್ತುಹೋಗುತ್ತಿತ್ತು. ತಮ್ಮನ ಕಡೆಯೇ ಆಳ, ಮೀನು ಇರುವುದೂ ಅಲ್ಲೇ. ಕೂಗಿಗೆ ಅವು ಚೆದರಿದರೆ ಮತ್ತೆ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಅವನು ಯೋಚಿಸಿದ. ತಮ್ಮ ಕಣ್ಣೆದುರಿಗೇ ಕೂತಿದ್ದಾನೆ. ಕಣ್ಣಿಗೆ ಕಾಣುವುದನ್ನು ಬಾಯಲ್ಲಿ ಕೇಳುವುದೇಕೆ? ಅಂದಿನಿಂದ ಹಿರಿಯನ ಕೂಗು ಬಂದಾಗ ಅವನು ತಮ್ಮನನ್ನು ಒಮ್ಮೆ ನೋಡುವನು. ದಡದ ಕಡೆ ತಿರುಗಿ, "ಇಬ್ಬರೂ ಇದ್ದೇವೆ" ಎಂದು ತಾನೇ ಹೇಳಿಬಿಡುವನು.

ತಮ್ಮ ನಗುತ್ತಿದ್ದ.

"ಅಣ್ಣಾ, ನನ್ನ ಪರವಾಗಿ ತಾಳಿಯನ್ನೂ ನೀನೇ ಕಟ್ಟಿಬಿಡುತ್ತೀಯೋ ಹೇಗೆ?"

"ಬಾಯಿ ಮುಚ್ಚಿಕೊಂಡು ಕೂರೋ. ನಿನ್ನ ಮದುವೆ ಊಟಕ್ಕೇ ಕಣೋ ಇದೆಲ್ಲ. ಇನ್ನು ಮೇಲೆ ಈ ಕಡೆ ಯಾರೂ ಕೂಗಕೂಡದು. ಏನಾದರೂ ಬೇಕಾದರೆ ನಡೆದು ಬಾ."

ಇಲ್ಲಿ ಗುರುಗಳು ಕತೆ ನಿಲ್ಲಿಸಿ, "ಸುಳ್ಳು ಹೇಳಬಾರದು ಗುರುಪಾದ, ಅವನ ಬುಟ್ಟಿ ನಿಜವಾಗಿಯೂ ತುಂಬಿತು. ಹಿಂದೆ ಸಿಗುತ್ತಿದ್ದುದರ ಎರಡರಷ್ಟು ಸಿಕ್ಕಿತು" ಎಂದರು. ಗುರುಪಾದನ ಮುಖ ಅರಳಿತು. ಗುರುಗಳು ತನ್ನ ಪಕ್ಷವೇ ಎಂದುಕೊಂಡ.

ಒಂದು ಬೆಳಗ್ಗೆ ಕೆರೆಯ ಮೇಲೆ ಕಾವಳ ಕವಿಯಿತು. ಅಂಥ ಮಂಜನ್ನು ಆ ಊರಿನವರೂ ನೋಡಿರಲಿಲ್ಲ. ಚಾಚಿದ ಕೈ ಕಾಣದು. ಮೀನುಗಾರ ತೊಗಲಿನ ಟೊಪ್ಪಿಗೆಯನ್ನು ಕಿವಿಯ ಮೇಲೆ ಎಳೆದುಕೊಂಡು ಗಾಳ ಬಿಟ್ಟ. ಹಿರಿಯನ ಕೂಗು ಸಾಲಿನಲ್ಲಿ ದಾಟಿ ಬಂತು. ಇವನು ತಮ್ಮನ ಕಡೆ ನೋಡಿದ. ಬರೀ ಬಿಳಿ. ತಮ್ಮ ಎಲ್ಲಿಗೆ ಹೋಗುತ್ತಾನೆ, ನಿನ್ನೆ ಇದ್ದಲ್ಲೇ ಇರುತ್ತಾನೆ.

"ಇಬ್ಬರೂ ಇದ್ದೇವೆ" ಎಂದ.

ಎರಡನೆಯ ಸಲವೂ ಕೂಗು ಬಂತು. ಎರಡನೆಯ ಸಲವೂ ಹಾಗೆಯೇ ಎಂದ.

ಅದಾಗಿ ಸ್ವಲ್ಪ ಹೊತ್ತಿಗೆ ಮೀನು ಕಚ್ಚತೊಡಗಿತು. ಒಂದನ್ನು ಎತ್ತಿ ಹಾಕಿ ಗಾಳ ಬಿಡುವಷ್ಟರಲ್ಲಿ ಇನ್ನೊಂದು. ಎರೆ ತಳ ಮುಟ್ಟುವ ಮೊದಲೇ ನಡುನೀರಿನಲ್ಲಿ ಕಚ್ಚಿದವು. ಚಳಿಗೆ ಸೋಮಾರಿಯಾಗಿ ಬಿದ್ದಿರಬೇಕಾದ ಮೀನು ಹಿಂಡು ಹಿಂಡಾಗಿ ಕಿಂಡಿಯ ಕೆಳಗೆ ನುಗ್ಗಿದವು. ಅವನ ಜೀವಮಾನದಲ್ಲಿ ಹೀಗಾದದ್ದಿಲ್ಲ. ಎರೆ ಮುಗಿಯಿತು, ಬರಿಯ ಗಾಳಕ್ಕೇ ಬಿದ್ದವು. ಬುಟ್ಟಿ ತುಂಬಿತು. ಗಡ್ಡೆಯ ಮೇಲೆ ಸುರಿದುಕೊಂಡ.

ನಡುವೆ ಮಣೆಯ ಕೆಳಗೆ ಏನೋ ಅದುರಿದಂತಾಯಿತು. ಧಡ್, ಧಡ್. ಸ್ವಲ್ಪ ತಡೆದು, ಮತ್ತೆ ಧಡ್. ತಮ್ಮ ಹಾರೆ ಹಿಡಿದು ಹೊಸ ಕಿಂಡಿ ಕೊರೆಯುತ್ತಿದ್ದಾನೆ ಎಂದುಕೊಂಡ. ನಗು ಬಂತು.

"ಬಡಿ ಮಗನೇ ಬಡಿ. ನಿನ್ನ ಕಡೆಯ ಮೀನೆಲ್ಲ ನನ್ನ ಕಡೆಗೆ ಬರುತ್ತಿವೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಅದುರು ನಿಂತಿತು. ಮೀನು ಇನ್ನೂ ಸ್ವಲ್ಪ ಹೊತ್ತು ಬಂದವು. ಹಿರಿಯನ ಮೂರನೆಯ ಕೂಗು ಬಂತು. ಕೈ ಬಿಡುವಿರಲಿಲ್ಲ. ತಲೆ ಎತ್ತದೆಯೇ, "ಇಬ್ಬರೂ ಇದ್ದೇವೆ" ಎಂದ.

ಹೊತ್ತೇರಿದ ಮೇಲೆ ಕಾವಳ ಹರಿಯಿತು. ತಮ್ಮನ ಮಣೆ ಕಂಡಿತು. ಮಣೆಯ ಮೇಲೆ ತಮ್ಮನಿರಲಿಲ್ಲ. ಹೊಸ ಕಿಂಡಿಗೆ ಹೋಗಿರಬೇಕೆಂದು, ತುಂಬಿದ ಬುಟ್ಟಿ ತೋರಿಸಿ ರೇಗಿಸುವ ಆಸೆಯಿಂದ ಬುಟ್ಟಿ ಹೊತ್ತುಕೊಂಡೇ ಅತ್ತ ನಡೆದ. ತಮ್ಮನ ಹಾರೆ ಮಣೆಯ ಪಕ್ಕದಲ್ಲಿ ನೆಟ್ಟದ್ದು ನೆಟ್ಟಂತೆಯೇ ಇತ್ತು. ಅದರ ಹಿಡಿಯ ಮೇಲೆ ಹಿಮ ಕೂತಿತ್ತು. ಬೆಳಗಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಸುತ್ತ ಎಲ್ಲೂ ಹೊಸ ಕಿಂಡಿಯಿರಲಿಲ್ಲ.

ಹಾಗಾದರೆ ಬಡಿದದ್ದು ಏನು?

ಮಣೆಯಿಂದ ಹೆಜ್ಜೆಗುರುತು ಹೊರಟಿತ್ತು. ಅಣ್ಣನ ಕಿಂಡಿಯ ಕಡೆಗೇ ಹೊರಟಿತ್ತು. ಕಾವಳದಲ್ಲಿ ದಿಕ್ಕು ತಪ್ಪಿ, ಬರಬರುತ್ತ ಎಡಕ್ಕೆ ವಾಲಿ, ಹೊಳೆ ಬಂದು ಕೆರೆ ಸೇರುವ ಕಡೆಗೆ ತಿರುಗಿತ್ತು. ಅಲ್ಲಿಯ ಗಡ್ಡೆ ಬೂದಿಯಂತೆ ಬೆಳ್ಳಗೆ. ಅರ್ಧ ದಾರಿಯಲ್ಲಿ ಹೆಜ್ಜೆ ನಿಂತಿತ್ತು. ಮುಂದೆ ಗಡ್ಡೆ ಒಡೆದು ಕಪ್ಪು ನೀರು ಕಾಣುತ್ತಿತ್ತು. ಅಂಚಿಗೆ ಒಂದು ಕೈಗವಸು, ಬೆರಳು ಮಡಚಿದ ಹಾಗೆಯೇ, ಅಂಟಿ ಹೆಪ್ಪುಗಟ್ಟಿತ್ತು.

ಆ ನೀರಿಗೆ ಬಿದ್ದವನಿಗೆ ಮೊದಲು ಹೋಗುವುದು ಉಸಿರು. ಕೂಗಬೇಕೆಂದರೂ ಕೂಗಲಾಗದು. ಹೊಳೆಯ ಸೆಳೆತ ಅಲ್ಲಿಂದ ಹರಿಯುವುದು ಗಡ್ಡೆಯ ಅಡಿಯಲ್ಲಿ, ಅಣ್ಣನ ಕಿಂಡಿಯ ಕಡೆಗೆ. ಅದು ಆ ಕೆರೆಯ ಮೇಲೆ ಎಲ್ಲರಿಗೂ ಗೊತ್ತು.

ತಮ್ಮ ಎದ್ದು ಹೊರಟದ್ದೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥ ಕಾವಳದಲ್ಲೂ ಅವನನ್ನು ಯಾರೂ ಕೂಗಿರಲಿಲ್ಲ. ಅಣ್ಣ ಇದ್ದಾನೋ ಇಲ್ಲವೋ ನೋಡಲು ಹೊರಟಿದ್ದ. ಕೂಗಿದರೆ ಅಣ್ಣ ಬೈದಾನೆಂದು ನಡೆದು ಬರುತ್ತಿದ್ದ.

ಗಡ್ಡೆಯ ಅಡಿಯ ಒದ್ದಾಟಕ್ಕೆ ಬೆದರಿಯೇ ಮೀನು ಹಾಗೆ ನುಗ್ಗಿದವೆಂದು ಮೀನುಗಾರನಿಗೆ ಆಗ ತಿಳಿಯಿತು. ಅವನು ಬುಟ್ಟಿಯನ್ನು ಇಳಿಸಲೂ ಇಲ್ಲ, ಎಸೆಯಲೂ ಇಲ್ಲ. ಹೊತ್ತುಕೊಂಡೇ ನಿಂತಿದ್ದ. ಜನ ಓಡಿ ಬಂದರು. ಹಿರಿಯ ಬಂದು ಒಡೆದ ಗಡ್ಡೆಯನ್ನು ನೋಡಿದ, ಬುಟ್ಟಿಯನ್ನು ನೋಡಿದ.

"ಮೂರು ಸಲ ಕೇಳಿದೆನಲ್ಲೋ ಮಗನೇ" ಎಂದ. ಅಷ್ಟೇ ಎಂದ.

ಗುರುಗಳು ಕತೆ ಮುಗಿಸಿದರು.

ಮಣೆಯ ಅಡಿಯ ಆ ಸದ್ದು ಗುರುಪಾದನ ಕಿವಿಯಿಂದ ಹೋಗಲೊಲ್ಲದು. ಆದರೂ ಓದಿದವನು, ಸೋಲೊಪ್ಪಲು ನಾಲಿಗೆ ಬರಲಿಲ್ಲ.

"ಘೋರ, ಬುದ್ಧೀ. ಆದರೆ ಅದು ನೀರಿನ ಮೇಲಿನ ಮಾತು. ನಮ್ಮ ಪಾಠದ ಮನೆಗೆ ಕಲ್ಲಿನ ನೆಲ. ಪಂಕ್ತಿ ಬಿಟ್ಟು ಒಬ್ಬ ಎದ್ದುಹೋದರೆ ಅಲ್ಲಿ ಮುಳುಗುವವರು ಯಾರು?"

ಗುರುಗಳು ಎದ್ದು, ಗೂಟದಲ್ಲಿದ್ದ ಶಾಲನ್ನು ತೆಗೆದು ಹೆಗಲಿಗೆ ಹಾಕಿಕೊಂಡರು.

"ನಿನ್ನ ಎಡಗಡೆಯ ಮಣೆಯ ರೇವಣ್ಣ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿ ಇಂದಿಗೆ ನಾಲ್ಕು ದಿನ."