ಪೇಟ ಸುತ್ತಿದ ವಿನಾಯಿತಿ

ತಮ್ಮನ್ನು ತಾವು ನೋಡಿಕೊಳ್ಳಲಾರದವರನ್ನು ಸಾಕುವವರು ಮನೆಗಂದಾಯ ಕಟ್ಟಬೇಕಿಲ್ಲ ಎಂದು ಅರಮನೆಯಿಂದ ಅಪ್ಪಣೆಯಾಯಿತು. ಜವಾನ ಕೆಂಚಯ್ಯನಿಗೆ ತಾಯಿಯಿಲ್ಲದ ಪುಟ್ಟ ಮಗಳಿದ್ದಳು. ಅವಳನ್ನು ನೋಡಿಕೊಳ್ಳುವ ಪಕ್ಕದ ಮನೆಯ ಅಜ್ಜಿಗೆ ಸಂಬಳ ಕೊಟ್ಟರೆ ಕಂದಾಯಕ್ಕೆ ಏನೂ ಉಳಿಯುತ್ತಿರಲಿಲ್ಲ. ಅಮಲ್ದಾರ ತಿರುಮಲರಾಯರು ಕಚೇರಿಗೆ ಹೊರಡುವಾಗ, ಅವರ ತಲೆಗೆ ಪೇಟ ಸುತ್ತುತ್ತಲೇ ಅವನು ವಿನಾಯಿತಿ ಕೇಳಿದ.

"ಮಕ್ಕಳು ತಾವಾಗೇ ಬೆಳೀತಾವೆ. ಅದಕ್ಕೆಂಥ ವಿನಾಯಿತಿಯೋ?" ಎಂದರು ರಾಯರು. "ಮೀಸೆ ಬಂದ ಮೇಲೂ ತನ್ನ ಬಟ್ಟೆ ತಾನು ತೊಡೋಕೆ, ತನ್ನ ಜೋಡು ತಾನು ಮೆಟ್ಟೋಕೆ ಬಾರದ ಪಾಪದವರಿದ್ರೆ ಹೇಳು."

"ಅಂಥವರೂ ಒಬ್ಬರಿದ್ದಾರೆ ಬುದ್ಧಿ. ಐವತ್ತು ದಾಟಿದೆ. ದಿನಾ ಎಲ್ಲಾ ನಾನೇ ಮಾಡ್ಬೇಕು."

"ಅಯ್ಯೋ ಪಾಪ! ಮೊದಲೇ ಹೇಳಬಾರದಿತ್ತೇನೋ? ಎಲ್ಲಿದ್ದಾರೆ?"

"ಕತ್ತು ಅಲ್ಲಾಡಿಸಬೇಡಿ ಬುದ್ಧಿ. ಪೇಟ ಜಾರುತ್ತೆ."

ರಾಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖ ಪೇಟಕ್ಕಿಂತ ಕೆಂಪಾಯಿತು. "ಬಿಡೋ! ನಾನೇ ಸುತ್ಕೊಳ್ತೀನಿ!"

ಮೊದಲ ಸುತ್ತು ಕಿವಿಗೆ ಜಾರಿತು. ಎರಡನೆಯದು ಕಣ್ಣು ಮುಚ್ಚಿತು. ಮೂರನೆಯದು ಮೂಗಿಗಿಳಿಯಿತು. ರಾಯರು ತಡಕಾಡುತ್ತಾ ಎದ್ದು, ಎದುರಿಗಿದ್ದ ಕಂಬವನ್ನೇ ಕೆಂಚಯ್ಯನೆಂದು ತಿಳಿದು ಚೆನ್ನಾಗಿ ಬೈದರು. ಕಂಬ ಕದಲಲಿಲ್ಲ.

ಕೊನೆಗೆ ಪೇಟದೊಳಗಿನಿಂದ ದನಿ ಬಂತು. "ಬಿಚ್ಚೋ! ಸಹಿ ಹಾಕ್ತೀನಿ. ಆದ್ರೆ ಮಗಳ ಹೆಸರಿಗೆ ಮಾತ್ರ!"

"ಆಗಲಿ ಬುದ್ಧಿ," ಎಂದು ಕೆಂಚಯ್ಯ ಪೇಟ ಬಿಚ್ಚತೊಡಗಿದ. "ಅವಳು ಚಿಕ್ಕವಳು, ಬೇಗ ಎಲ್ಲಾ ಕಲಿತುಬಿಡ್ತಾಳೆ. ಆಮೇಲೆ ತಮ್ಮ ಹೆಸರಿಗೆ ಬರೆಸಿದರಾಯಿತು."